ಸನ್ನೆ ಭಾಷೆಯ ಕೆಲಸ ಊರಿಗೆ ಮುಟ್ಟಿಸಲು ಯಾವುದು ಒಳ್ಳೆಯದು: ವಾಟ್ಸಾಪ್, ಯೂಟ್ಯೂಬ್, ಇನ್‌ಸ್ಟಾಗ್ರಾಂ, ಫೇಸ್‌ಬುಕ್?

ನಮ್ಮ ಸಂಸ್ಥೆಯ ಮೊದಲ ವೀಡಿಯೊ ನಾಲ್ಕು ನಿಮಿಷದ್ದು. ಶಿವಮೊಗ್ಗದ ಗಾಂಧಿ ಪಾರ್ಕಿನಲ್ಲಿ ಒಂದು ಬೆಂಚಿನ ಮೇಲೆ ಕೂತು, ಸನ್ನೆ ಭಾಷೆ ಯಾಕೆ ಬೇಕು ಅಂತ ನಮ್ಮ ಅಧ್ಯಕ್ಷರು ಚೆನ್ನಾಗಿಯೇ ಮಾತಾಡಿದ್ದರು. ಫೇಸ್‌ಬುಕ್ಕಿಗೆ ಹಾಕಿದೆವು. ಲೈಕ್ ಬಂದವು, ಒಂದಷ್ಟು ಜನ ಶೇರ್ ಮಾಡಿದರು. ಸಂಜೆ ನಮ್ಮ ಕಿವುಡ ಮೇಷ್ಟ್ರು ಅದೇ ವೀಡಿಯೊ ತೆರೆದು ನನ್ನ ಮುಂದೆ ಹಿಡಿದರು. ಅಧ್ಯಕ್ಷರ ಬಾಯಿಯ ಕಡೆ ಬೆರಳು ತೋರಿಸಿದರು. ಹುಬ್ಬು ಗಂಟು ಹಾಕಿ ಕೇಳಿದರು: ಇವರು ಏನು ಹೇಳ್ತಿದ್ದಾರೆ?

ಆ ನಾಲ್ಕು ನಿಮಿಷದಲ್ಲಿ ಒಂದು ಸನ್ನೆಯೂ ಇರಲಿಲ್ಲ. ಕೆಳಗೆ ಒಂದು ಸಾಲು ಅಕ್ಷರವೂ ಇರಲಿಲ್ಲ. ಯಾರಿಗಾಗಿ ಸಂಸ್ಥೆ ಕಟ್ಟಿದ್ದೆವೋ ಅವರಿಗೇ ಅದು ಮುಚ್ಚಿದ ಬಾಗಿಲಾಗಿತ್ತು.

ಆ ಸಂಜೆಯಿಂದ ನಾವು ಒಂದೊಂದೇ ಆ್ಯಪ್ ಹಿಡಿದು, ಎಡವಿ, ಕಲಿತಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಸಾಗರದಲ್ಲೋ ಭದ್ರಾವತಿಯಲ್ಲೋ ಕೊಪ್ಪದಲ್ಲೋ ಇಂಥದ್ದೇ ಸಣ್ಣ ಸಂಸ್ಥೆ ನಡೆಸುವವರು ಇದ್ದೀರಿ. ದುಡ್ಡು ಕಡಿಮೆ, ಜನ ಕಡಿಮೆ, ಇರುವುದು ಒಂದೆರಡು ಫೋನ್. ಎಲ್ಲ ಕಡೆಯೂ ಖಾತೆ ತೆರೆದು ಎಲ್ಲವನ್ನೂ ಅರ್ಧಕ್ಕೆ ಬಿಡುವುದಕ್ಕಿಂತ ಎರಡನ್ನು ಆರಿಸಿ ನೆಟ್ಟಗೆ ನಡೆಸುವುದು ಒಳ್ಳೆಯದು. ಯಾವ ಎರಡು ಅನ್ನುವುದೇ ಪ್ರಶ್ನೆ.

ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮಲೆನಾಡಿಗೆ ವಾಟ್ಸಾಪ್ ಮತ್ತು ಯೂಟ್ಯೂಬ್. ವೀಡಿಯೊ ತುಂಬಿಡುವ ಕಣಜ ಯೂಟ್ಯೂಬ್, ಮನೆಮನೆಗೆ ಹಂಚುವ ಕೈ ವಾಟ್ಸಾಪ್. ನಿಮ್ಮಲ್ಲಿ ಹುಮ್ಮಸ್ಸಿನ ಕಿವುಡ ಹುಡುಗ ಹುಡುಗಿಯರು ಇದ್ದರೆ ಮೂರನೆಯದಾಗಿ ಇನ್‌ಸ್ಟಾಗ್ರಾಂ. ಫೇಸ್‌ಬುಕ್ ದಾನಿಗಳಿಗೂ ಅಧಿಕಾರಿಗಳಿಗೂ ಸಾಕು. ಉಳಿದವು ಸದ್ಯಕ್ಕೆ ಬೇಡ.

ಮೊದಲು, ಯಾರನ್ನು ಕರೆಯುತ್ತಿದ್ದೀರಿ?

2011ರ ಜನಗಣತಿಯ ಪ್ರಕಾರ ದೇಶದಲ್ಲಿ ಕಿವಿ ಕೇಳಿಸದವರು ಸುಮಾರು 50 ಲಕ್ಷ. ಆ ದೊಡ್ಡ ಲೆಕ್ಕ ಭಾಷಣಕ್ಕೆ ಆಗುತ್ತದೆ. ನಮ್ಮ ಕೆಲಸಕ್ಕೆ ಬೇಕಾದ್ದು ಬೇರೆ ಲೆಕ್ಕ. ಹೊಸನಗರದ ಆಚೆ, ತೋಟದ ತಲೆಯ ಮೇಲೆ ಒಂದು ಒಂಟಿ ಮನೆ. ಪಕ್ಕದ ಮನೆಗೆ ಹೋಗಬೇಕೆಂದರೆ ಹಳ್ಳ ದಾಟಬೇಕು. ಆ ಮನೆಯಲ್ಲಿ ಒಂದು ಕಿವುಡ ಮಗು. ಅಪ್ಪ ಅಮ್ಮ ಇಬ್ಬರಿಗೂ ಕಿವಿ ಕೇಳಿಸುತ್ತದೆ. ಕಿವುಡ ಮಕ್ಕಳಲ್ಲಿ ಹೆಚ್ಚಿನವರು ಕಿವಿ ಕೇಳುವವರ ಮನೆಯಲ್ಲೇ ಹುಟ್ಟುತ್ತಾರೆ. ಆ ಮಗು ತನ್ನಂಥ ಇನ್ನೊಬ್ಬರನ್ನು ಕಣ್ಣಾರೆ ನೋಡಿಯೇ ಇರುವುದಿಲ್ಲ. ಬೆಂಗಳೂರಿನಲ್ಲಾದರೆ ಕಿವುಡರು ಭಾನುವಾರ ಒಂದು ಕಡೆ ಸೇರುತ್ತಾರೆ, ಕೈಯಲ್ಲೇ ಹರಟೆ ಹೊಡೆಯುತ್ತಾರೆ. ಇಲ್ಲಿ ಆ ಮಗುವಿಗೆ ಸನ್ನೆ ಭಾಷೆ ಕಾಣಿಸಬಹುದಾದ ಮೊದಲ ಕಿಟಕಿ ಅಂದರೆ ಅಪ್ಪನ ಫೋನ್.

ಹಾಗಾಗಿ ನಮಗೆ ಬೇಕಾದವರು ನಾಲ್ಕು ಬಗೆಯ ಜನ. ಒಂಟಿ ಮನೆಯ ಅಪ್ಪ ಅಮ್ಮ. ಓದು, ಕೆಲಸ ಅಂತ ಊರು ಬಿಟ್ಟ ಕಿವುಡ ಯುವಕರು. ಸನ್ನೆ ಕಲಿಯಬೇಕು ಅನ್ನುವ ಟೀಚರ್, ನರ್ಸ್, ಬ್ಯಾಂಕಿನವರು. ಆಮೇಲೆ ದುಡ್ಡು ಕೊಡುವವರು, ಆದೇಶ ಹೊರಡಿಸುವವರು. ಈ ನಾಲ್ವರೂ ಒಂದೇ ಆ್ಯಪಿನಲ್ಲಿ ಇಲ್ಲ. ನಮಗೆ ಮೊದಲು ಬೇಕಾದವರು ಆ ಅಪ್ಪ ಅಮ್ಮ ಅಂತ ನಾವು ತೀರ್ಮಾನ ಮಾಡಿದೆವು. ನಿಮ್ಮ ಉತ್ತರ ಬೇರೆ ಇದ್ದರೆ ನಿಮ್ಮ ಆಯ್ಕೆಯೂ ಬೇರೆ ಆಗುತ್ತದೆ.

ವಾಟ್ಸಾಪ್: ಗುಡ್ಡದ ಮೇಲಿನ ಟವರಿಗೂ ಒಗ್ಗುವುದು

ನೆಟ್‌ವರ್ಕ್ ಕೊಡದಿದ್ದರೆ ವೋಟೂ ಇಲ್ಲ ಅಂತ ನಮ್ಮ ಹಳ್ಳಿಗಳವರು ಬ್ಯಾನರ್ ಕಟ್ಟಿದ್ದು ನೆನಪಿದೆ ಅಲ್ವಾ? ಇವತ್ತಿಗೂ ಎಷ್ಟೋ ಮನೆಗಳಲ್ಲಿ ಸಿಗ್ನಲ್ ಬೇಕೆಂದರೆ ಗುಡ್ಡ ಹತ್ತಬೇಕು, ಇಲ್ಲವೇ ರಸ್ತೆ ಬದಿಯ ಒಂದು ಮರದ ಬುಡಕ್ಕೆ ಹೋಗಿ ನಿಲ್ಲಬೇಕು. ವಾಟ್ಸಾಪ್ ಗೆಲ್ಲುವುದು ಇಲ್ಲೇ. ಸಂತೆಗೆ ಹೋದಾಗ ವೀಡಿಯೊ ಫೋನಿಗೆ ಇಳಿದಿರುತ್ತದೆ. ರಾತ್ರಿ ಮನೆಯಲ್ಲಿ ಸಿಗ್ನಲ್ ಇಲ್ಲದಿದ್ದರೂ ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು ಹತ್ತು ಸಲ ನೋಡಬಹುದು. ಬೇರೆ ಯಾವುದರಲ್ಲೂ ಇದು ಇಷ್ಟು ಸಲೀಸಾಗಿ ಆಗುವುದಿಲ್ಲ.

ಆದರೆ ವಾಟ್ಸಾಪಿನಲ್ಲೇ ಮೂರು ದಾರಿಗಳಿವೆ. ತಪ್ಪು ದಾರಿ ಹಿಡಿದರೆ ಕಷ್ಟ.

ಗ್ರೂಪಿನಲ್ಲಿ 1024 ಜನರನ್ನು ಸೇರಿಸಬಹುದು. ಮಾತುಕತೆ ನಡೆಯುತ್ತದೆ, ಒಬ್ಬ ತಾಯಿಯ ಪ್ರಶ್ನೆಗೆ ಇನ್ನೊಬ್ಬ ತಾಯಿ ಉತ್ತರ ಕೊಡುತ್ತಾರೆ. ಅದೇ ಅದರ ಜೀವ. ತೊಂದರೆ ಏನೆಂದರೆ ಎಲ್ಲರ ನಂಬರ್ ಎಲ್ಲರಿಗೂ ಕಾಣಿಸುತ್ತದೆ. ನಮ್ಮಲ್ಲಿ ಒಬ್ಬ ಹುಡುಗಿಗೆ ಗೊತ್ತಿಲ್ಲದ ನಂಬರಿನಿಂದ ರಾತ್ರಿ ವೀಡಿಯೊ ಕಾಲ್ ಬರಲು ಶುರುವಾಯಿತು. ಆಕೆ ಗ್ರೂಪನ್ನೇ ಬಿಟ್ಟಳು. ಆಮೇಲೆ ನಾವು ಅಪ್ಪ ಅಮ್ಮಂದಿರ ಗ್ರೂಪನ್ನು ಚಿಕ್ಕದು ಮಾಡಿದೆವು. ಮುಖ ನೋಡಿದವರಿಗೆ ಮಾತ್ರ ಅದರಲ್ಲಿ ಜಾಗ.

ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರಿಗೆ ಒಂದೇ ಸಲ ಕಳಿಸಬಹುದು, ಯಾರ ನಂಬರೂ ಯಾರಿಗೂ ಕಾಣಿಸುವುದಿಲ್ಲ. ಆದರೆ ನಿಮ್ಮ ನಂಬರನ್ನು ಅವರು ಸೇವ್ ಮಾಡಿಕೊಂಡಿರಬೇಕು. ಇಲ್ಲದಿದ್ದರೆ ಮೆಸೇಜ್ ಹೋಗುವುದೇ ಇಲ್ಲ. ಶಿಬಿರದಲ್ಲಿ ಅವರ ಫೋನ್ ಕೇಳಿ ಪಡೆದು ಅಲ್ಲೇ ಸೇವ್ ಮಾಡಿಕೊಡಿ. 'ಆಮೇಲೆ ಮಾಡ್ಕೊಳ್ತೀನಿ' ಅಂದವರು ಮಾಡಿಕೊಳ್ಳುವುದಿಲ್ಲ.

ಚಾನೆಲ್ 2023ರಲ್ಲಿ ಬಂತು. ಎಷ್ಟು ಜನ ಬೇಕಾದರೂ ಸೇರಬಹುದು, ನಂಬರ್ ಗುಟ್ಟಾಗಿರುತ್ತದೆ, ನಾವು ಹೇಳುವುದು ಅವರು ನೋಡುವುದು ಅಷ್ಟೇ. ಶಿಬಿರದ ತಾರೀಕು, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನ ಮಾಹಿತಿ, ಹೊಸ ಪಾಠದ ಲಿಂಕ್, ಇವಕ್ಕೆಲ್ಲ ಇದು ಸರಿ. ಪರಿಚಯವಿಲ್ಲದವರಿಗೆ ಚಾನೆಲ್, ಪರಿಚಯವಾದ ಮೇಲೆ ಗ್ರೂಪ್. ನಾವು ಈಗ ಹೀಗೇ ಮಾಡುತ್ತಿದ್ದೇವೆ.

ಇನ್ನೊಂದು ಸಣ್ಣ ಸಂಗತಿ, ಆದರೆ ನನಗೆ ದೊಡ್ಡದು. ಗ್ರೂಪಿನಲ್ಲಿ ವಾಯ್ಸ್ ಮೆಸೇಜ್ ನಿಲ್ಲಿಸಿ. ಕಿವಿ ಕೇಳುವವರಿಗೆ ಟೈಪ್ ಮಾಡಲು ಬೇಜಾರು, ಮೈಕ್ ಒತ್ತಿ ಎರಡು ನಿಮಿಷ ಮಾತಾಡಿ ಬಿಡುತ್ತಾರೆ. ಅದೇ ಗ್ರೂಪಿನಲ್ಲಿರುವ ಕಿವುಡರಿಗೆ ಬರೀ ಒಂದು ಗೀಟು ಕಾಣಿಸುತ್ತದೆ. ಸನ್ನೆ ಭಾಷೆಯ ಗ್ರೂಪಿನಲ್ಲೇ ಅವರು ಹೊರಗೆ ನಿಂತ ಹಾಗೆ. ನಮ್ಮ ಗ್ರೂಪಿನ ಮೊದಲ ನಿಯಮ ಇದು: ಬರೆಯಿರಿ, ಇಲ್ಲವೇ ಸನ್ನೆ ಮಾಡಿ ವೀಡಿಯೊ ಕಳಿಸಿ.

ವಾಟ್ಸಾಪಿನ ದೊಡ್ಡ ಕೊರತೆ ಅಂದರೆ ಅದು ವೀಡಿಯೊವನ್ನು ಹಿಂಡುತ್ತದೆ. ಮಾತಿನ ವೀಡಿಯೊ ಆದರೆ ನಡೆಯುತ್ತದೆ, ದನಿ ಕೇಳಿಸಿದರೆ ಆಯಿತು. ಸನ್ನೆಗೆ ಹಾಗಲ್ಲ. ಬೆರಳು ಮಸುಕಾದರೆ ಅಕ್ಷರವೇ ಅಳಿಸಿಹೋದ ಹಾಗೆ. ಕಳಿಸುವಾಗ ಎಚ್‌ಡಿ ಅಂತ ಆರಿಸಿ. ಪಾಠದ ವೀಡಿಯೊ ಆದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಆಗ ಇದ್ದ ಹಾಗೇ ಹೋಗುತ್ತದೆ. ಆದರೆ ಫೋನಿನಲ್ಲಿ ತೆಗೆದ ಒಂದು ನಿಮಿಷದ ಫುಲ್ ಎಚ್‌ಡಿ ವೀಡಿಯೊ 100 ಎಂಬಿ ದಾಟುವುದೂ ಉಂಟು. ಕಡಿಮೆ ಡಾಟಾ ಪ್ಯಾಕ್ ಹಾಕಿಸಿಕೊಂಡ ಮನೆಗೆ ಅದು ಭಾರ. ಅದಕ್ಕೇ 40 ಸೆಕೆಂಡಿಗಿಂತ ಉದ್ದದ್ದನ್ನು ನಾವು ವಾಟ್ಸಾಪಿಗೆ ಹಾಕುವುದಿಲ್ಲ. ಒಂದು ವೀಡಿಯೊಗೆ ಒಂದೇ ವಿಷಯ. 'ಹೊಟ್ಟೆನೋವಾ?' ಅಂತ ಮಗುವನ್ನು ಕೇಳುವುದು ಹೇಗೆ. ಅಷ್ಟೇ.

ಸ್ಟೇಟಸ್ ಒಂದು ದಿನಕ್ಕೆ ಮಾಯವಾಗುತ್ತದೆ. ಆದರೂ ಸುಮ್ನೆ ಬಿಡಬೇಡಿ. ಗ್ರೂಪ್ ತೆರೆದು ನೋಡದವರೂ ಸ್ಟೇಟಸ್ ನೋಡುತ್ತಾರೆ.

ಯೂಟ್ಯೂಬ್: ಕಣಜ

ವಾಟ್ಸಾಪಿಗೆ ಹಾಕಿದ್ದು ಮೂರು ದಿನಕ್ಕೆ ಮೇಲೆ ಸರಿದು ಹೋಗುತ್ತದೆ. ಯೂಟ್ಯೂಬಿಗೆ ಹಾಕಿದ್ದು ಉಳಿಯುತ್ತದೆ. ಇವತ್ತು ಡಾಕ್ಟರ್ ಬಾಯಿಂದ 'ನಿಮ್ಮ ಮಗುವಿಗೆ ಕಿವಿ ಕೇಳಿಸ್ತಿಲ್ಲ' ಅನ್ನುವ ಮಾತು ಕೇಳಿಕೊಂಡು ಬಂದ ತಾಯಿ, ರಾತ್ರಿ ಎಲ್ಲರೂ ಮಲಗಿದ ಮೇಲೆ ಫೋನಿನಲ್ಲಿ ಏನು ಹುಡುಕುತ್ತಾರೆ ಅಂತ ಯೋಚಿಸಿ. ಕನ್ನಡದಲ್ಲಿ 'ಮಗುವಿಗೆ ಕಿವಿ ಕೇಳಿಸುವುದಿಲ್ಲ ಏನು ಮಾಡಬೇಕು' ಅಂತ. ಆ ಮಾತಿಗೆ ನಿಮ್ಮ ವೀಡಿಯೊ ಸಿಗಬೇಕು. ಹಾಗಾಗಿ ಆ ಮಾತನ್ನೇ ತಲೆಬರಹ ಮಾಡಿ. 'ಸಂಜ್ಞಾ ಭಾಷಾ ಜಾಗೃತಿ ಅಭಿಯಾನ, ಭಾಗ 3' ಅಂತ ಹಾಕಿದರೆ ಯಾರಿಗೂ ಸಿಗುವುದಿಲ್ಲ. ನಾವು ಹಾಗೆ ಹಾಕಿದ್ದೆವು, ಅದಕ್ಕೇ ಹೇಳುತ್ತಿದ್ದೇನೆ.

ಕಲಿಯುವವರಿಗೆ ಯೂಟ್ಯೂಬಿನಲ್ಲಿ ಇನ್ನೊಂದು ಅನುಕೂಲ ಇದೆ. ವೇಗವನ್ನು ಅರ್ಧಕ್ಕೆ ಇಳಿಸಿ ನೋಡಬಹುದು. ಕೈ ಎಲ್ಲಿಂದ ಹೊರಟು ಎಲ್ಲಿ ನಿಂತಿತು ಅಂತ ಗೊತ್ತಾಗುತ್ತದೆ. ಉದ್ದದ ಪಾಠ ಆದರೆ ವಿವರಣೆಯಲ್ಲಿ ಸಮಯ ಬರೆದು ಅಧ್ಯಾಯ ಮಾಡಬಹುದು. ಕನ್ನಡ ಸಬ್‌ಟೈಟಲ್ಲನ್ನು ಬೇರೆ ಫೈಲ್ ಆಗಿ ಸೇರಿಸಬಹುದು, ತಪ್ಪಿದ್ದರೆ ಆಮೇಲೆ ತಿದ್ದಬಹುದು. ವಾಟ್ಸಾಪಿನಲ್ಲಿ ಇದು ಆಗುವುದಿಲ್ಲ, ಅಲ್ಲಿ ಅಕ್ಷರ ವೀಡಿಯೊದೊಳಗೇ ಅಂಟಿರಬೇಕು. ಶಾರ್ಟ್ಸ್ ಈಗ ಮೂರು ನಿಮಿಷದವರೆಗೂ ಆಗಬಹುದು, 2024ರ ಅಕ್ಟೋಬರಿನಿಂದ.

ಸಬ್‌ಟೈಟಲ್ ಬಗ್ಗೆ ಒಂದು ಮಾತು. ಅಕ್ಷರ ಹಾಕಿದರೆ ಕಿವುಡರಿಗೆ ತಲುಪಿತು, ಸನ್ನೆ ಬೇಡ ಅಂತ ಎಷ್ಟೋ ಜನ ತಿಳಿದಿದ್ದಾರೆ. ಹಾಗಲ್ಲ. ಸನ್ನೆ ಭಾಷೆಗೆ ಅದರದ್ದೇ ವ್ಯಾಕರಣ ಇದೆ. ನಾವು 'ನಿನ್ನ ಹೆಸರು ಏನು' ಅನ್ನುವಲ್ಲಿ 'ಏನು' ಕೊನೆಗೆ ಬರುತ್ತದಲ್ಲ, ಭಾರತೀಯ ಸನ್ನೆ ಭಾಷೆಯಲ್ಲೂ ಪ್ರಶ್ನೆಯ ಸನ್ನೆ ಸಾಮಾನ್ಯವಾಗಿ ಕೊನೆಗೇ ಬರುತ್ತದೆ. ಹೌದಾ ಅಲ್ವಾ ಅಂತ ಕೇಳುವಾಗ ಹುಬ್ಬು ಮೇಲೆ ಹೋಗುತ್ತದೆ. ಮುಖವೇ ಅಲ್ಲಿ ಅರ್ಧ ಮಾತು. ಸನ್ನೆಯಲ್ಲೇ ಬೆಳೆದವರಿಗೆ ಬರೆದ ಕನ್ನಡ ಎರಡನೆಯ ಭಾಷೆ, ನಮ್ಮಲ್ಲಿ ಎಷ್ಟೋ ಜನಕ್ಕೆ ಇಂಗ್ಲಿಷ್ ಇದ್ದ ಹಾಗೆ. ಅಕ್ಷರ ಇರಲಿ, ಸಣ್ಣ ಸಣ್ಣ ವಾಕ್ಯ ಇರಲಿ. ಆದರೆ ಸನ್ನೆಯ ಜಾಗಕ್ಕೆ ಅದು ಬರಬಾರದು. ದನಿಯೂ ಇರಲಿ, ಒಲೆ ಮುಂದೆ ಕೆಲಸ ಮಾಡುತ್ತಾ ಕೇಳುವ ಅಜ್ಜಿಗೆ ಬೇಕು.

ಏನು ಮಾಡಬಾರದು ಅಂತಲೂ ಹೇಳುತ್ತೇನೆ. ಸನ್ನೆಗಳ ನಿಘಂಟು ಮಾಡಲು ಹೋಗಬೇಡಿ. ದೆಹಲಿಯ ಭಾರತೀಯ ಸಂಜ್ಞಾ ಭಾಷೆ ಸಂಶೋಧನೆ ಮತ್ತು ತರಬೇತಿ ಕೇಂದ್ರ ಶುರುವಾಗಿದ್ದು 2015ರಲ್ಲಿ. ಅವರು 2018ರಲ್ಲಿ 3 ಸಾವಿರ ಪದಗಳ ನಿಘಂಟು ತಂದರು, 2021ರ ಹೊತ್ತಿಗೆ ಅದು 10 ಸಾವಿರ ಆಯಿತು. ವೀಡಿಯೊಗಳು ಯೂಟ್ಯೂಬಿನಲ್ಲೇ ಇವೆ. 2022ರಲ್ಲಿ ಸೈನ್ ಲರ್ನ್ ಅನ್ನುವ ಆ್ಯಪ್ ಕೂಡ ಬಂತು. ನಾವು ಅದರ ಲಿಂಕ್ ಕೊಟ್ಟರೆ ಸಾಕು. ಅವರಲ್ಲಿ ಇಲ್ಲದ್ದನ್ನು ನಾವು ಮಾಡಬೇಕು: ಅಂಗನವಾಡಿಗೆ ಕಿವುಡ ಮಗು ಬಂದರೆ ಟೀಚರ್ ಮೊದಲ ದಿನ ಏನು ಮಾಡಬೇಕು, ಪಿಎಚ್‌ಸಿಯಲ್ಲಿ ನರ್ಸ್ ಹೇಗೆ ಕೇಳಬೇಕು, ಬಸ್ ಪಾಸಿಗೆ ಯಾವ ಕಾಗದ ಬೇಕು. ಕನ್ನಡದಲ್ಲಿ, ನಮ್ಮೂರಿನ ಕಿವುಡರ ಕೈಯಲ್ಲಿ.

ಹಾಗೇ ವಾಟ್ಸಾಪಿನಲ್ಲಿ ಓಡಾಡುವ ಅಕ್ಷರಮಾಲೆಯ ಚಿತ್ರ ಕಂಡಕೂಡಲೇ ಫಾರ್ವರ್ಡ್ ಮಾಡಬೇಡಿ. ಒಂದೇ ಕೈಯಲ್ಲಿ ಎಲ್ಲ ಅಕ್ಷರ ತೋರಿಸಿದ್ದರೆ ಅದು ಅಮೆರಿಕದ್ದು ಆಗಿರುವುದೇ ಜಾಸ್ತಿ. ನಮ್ಮ ದೇಶದಲ್ಲಿ ಬಳಸುವುದರಲ್ಲಿ ಹೆಚ್ಚಿನ ಅಕ್ಷರಗಳಿಗೆ ಎರಡೂ ಕೈ ಬೇಕು.

ಇನ್‌ಸ್ಟಾಗ್ರಾಂ: ಹುಡುಗರದ್ದು, ಅವರಿಗೇ ಬಿಡಿ

ಊರು ಬಿಟ್ಟ ಕಿವುಡ ಯುವಕರು ಇರುವುದು ಇಲ್ಲಿ. ಹೆಸರೇ ಕೇಳದ ಜನಕ್ಕೂ ಒಂದು ರೀಲ್ ಮುಟ್ಟುತ್ತದೆ, ಅದು ವಾಟ್ಸಾಪಿನಿಂದ ಆಗುವುದಿಲ್ಲ. ಸನ್ನೆ ಕಲಿಯಲು ಬಂದ ಕಾಲೇಜು ಹುಡುಗಿಯರಲ್ಲಿ ಹೆಚ್ಚಿನವರು ನಮ್ಮನ್ನು ನೋಡಿದ್ದು ರೀಲಿನಲ್ಲೇ. ಇನ್ನೊಂದು ಖಾತೆಯವರ ಜೊತೆ ಸೇರಿ ಒಂದೇ ಪೋಸ್ಟ್ ಹಾಕುವ ಕೊಲ್ಯಾಬ್ ಅನುಕೂಲವೂ ಇದೆ. ಊರಿನ ಫೋಟೊ ಹಾಕುವ ದೊಡ್ಡ ಪೇಜಿನವರು ಒಪ್ಪಿದರೆ ಅವರ ಜನಕ್ಕೂ ನಿಮ್ಮ ವೀಡಿಯೊ ಕಾಣಿಸುತ್ತದೆ.

ಆದರೆ ರೀಲ್ ತೆಗೆಯುವಾಗ ಒಂದು ಲೆಕ್ಕ ತಪ್ಪುವುದುಂಟು. ಪರದೆಯ ಬಲಗಡೆ ಲೈಕ್, ಕಾಮೆಂಟಿನ ಗುರುತುಗಳು ಬರುತ್ತವೆ. ಕೆಳಗೆ ಹೆಸರು, ವಿವರಣೆ ಬರುತ್ತದೆ. ಸನ್ನೆ ಮಾಡುವ ಕೈ ಆಡುವುದು ಸರಿಯಾಗಿ ಎದೆಯ ಮಟ್ಟದಲ್ಲಿ. ಹತ್ತಿರ ನಿಂತು ತೆಗೆದರೆ ಆ ಗುರುತುಗಳು ಕೈಯ ಮೇಲೇ ಕೂರುತ್ತವೆ. ನಮ್ಮ ಮೇಷ್ಟ್ರ ಒಂದು ರೀಲಿನಲ್ಲಿ ಒಂದು ಕೈ ಪ್ರತಿ ಸಲವೂ ಆ ಹೃದಯದ ಗುರುತಿನ ಹಿಂದೆ ಹೋಗುತ್ತಿತ್ತು. ಎರಡು ಹೆಜ್ಜೆ ಹಿಂದೆ ನಿಲ್ಲಿಸಿ. ತಲೆಯ ಮೇಲೆ ಒಂದು ಗೇಣು, ಕೆಳಗೆ ಸೊಂಟದವರೆಗೆ, ಎರಡೂ ಕಡೆ ಮೊಣಕೈ ಚಾಚಿದರೂ ಒಳಗೇ ಇರುವಷ್ಟು ಜಾಗ. ಅಕ್ಷರವನ್ನು ಮೇಲ್ಗಡೆ ಹಾಕಿ.

ಮಳೆಗಾಲದಲ್ಲಿ ನಮ್ಮ ಮನೆಗಳೊಳಗೆ ಮಧ್ಯಾಹ್ನವೂ ಕತ್ತಲೆ. ಬೆಳಕು ಕಡಿಮೆಯಾದರೆ ಕೈ ಓಡಿದ ಕಡೆಯೆಲ್ಲ ಹೊಗೆಯ ಹಾಗೆ ಕಾಣಿಸುತ್ತದೆ. ಜಗುಲಿಗೆ ಬನ್ನಿ, ಬೆಳಕಿಗೆ ಮುಖ ಮಾಡಿ ನಿಲ್ಲಿಸಿ, ಬೆನ್ನ ಹಿಂದೆ ಬೆಳಕು ಬೇಡ. ತೋಟದ ಹಸಿರು ಚೆಂದ ಅಂತ ಅಡಿಕೆ ಮರಗಳ ಮುಂದೆ ನಿಲ್ಲಿಸಿದರೆ ಎಲೆಗಳ ಅಲುಗಾಟದಲ್ಲಿ ಬೆರಳು ಕಳೆದುಹೋಗುತ್ತವೆ. ಹಿಂದೆ ಬರೀ ಗೋಡೆ ಇರಲಿ. ಅಂಗಿ ಒಂದೇ ಬಣ್ಣದ್ದು, ಕೈಯ ಬಣ್ಣಕ್ಕಿಂತ ಬೇರೆಯದು. ನಮ್ಮಲ್ಲಿ ಎಲ್ಲರಿಗೂ ಸರಿಹೊಂದುವ ಒಂದು ಕಡುನೀಲಿ ಅಂಗಿ ಇದೆ, ಆಫೀಸಿನ ಮೊಳೆಯಲ್ಲೇ ನೇತಾಡುತ್ತಿರುತ್ತದೆ.

ಇನ್‌ಸ್ಟಾಗ್ರಾಂನಲ್ಲಿ ನನಗೆ ಬೇಸರ ತರುವುದು ಒಂದಿದೆ. ಎರಡು ವಾರ ಸನ್ನೆ ಕಲಿತ ಕೇಳುವವರು ಸಿನಿಮಾ ಹಾಡಿಗೆ ತೋಚಿದ ಹಾಗೆ ಕೈ ಆಡಿಸಿ ಹಾಕುತ್ತಾರೆ. ನೋಡುವವರು ಸಾವಿರಗಟ್ಟಲೆ. ಅದನ್ನು ನೋಡಿದ ಕಿವುಡರಿಗೆ ಒಂದು ಸಾಲೂ ಅರ್ಥವಾಗಿರುವುದಿಲ್ಲ. ನಿಮ್ಮ ಸ್ವಯಂಸೇವಕರು ಹುಮ್ಮಸ್ಸಿನಿಂದ ಕೇಳಿದರೂ ಇದಕ್ಕೆ ಒಪ್ಪಬೇಡಿ. ಸಂಸ್ಥೆಯ ಪೇಜಿನಲ್ಲಿ ಸನ್ನೆ ಮಾಡುವವರು ಕಿವುಡರೇ ಆಗಿರಲಿ. ಕೇಳುವವರು ಕ್ಯಾಮೆರಾ ಹಿಡಿಯಲಿ, ಅಕ್ಷರ ಹಾಕಲಿ. ಏನು ಹಾಕಬೇಕು ಏನು ಬೇಡ ಅನ್ನುವ ಮಾತೂ ಕಿವುಡರದ್ದೇ ಆಗಿರಲಿ.

ಫೇಸ್‌ಬುಕ್, ಮತ್ತೆ ಉಳಿದವು

ನಲವತ್ತು ದಾಟಿದವರು, ಮೇಷ್ಟ್ರುಗಳು, ಸೊಸೈಟಿಯವರು, ಊರು ಬಿಟ್ಟು ದೂರ ಹೋಗಿ ಊರನ್ನೇ ನೆನೆಯುವವರು, ಇವರೆಲ್ಲ ಇನ್ನೂ ಫೇಸ್‌ಬುಕ್ಕಿನಲ್ಲಿ ಇದ್ದಾರೆ. ತಾಲ್ಲೂಕಿನ ಗ್ರೂಪುಗಳು ಇವೆ, ಊರಿನ ಸುದ್ದಿ ಹಾಕುವ ಪೇಜುಗಳಿವೆ. ಕುವೆಂಪು ರಂಗಮಂದಿರದಲ್ಲಿ ಕಾರ್ಯಕ್ರಮ ಇಟ್ಟರೆ ಅದರ ಲೈವ್ ಇಲ್ಲೇ ಮಾಡಿ. ವೇದಿಕೆಯ ಮೂಲೆಯಲ್ಲಿ ಇಂಟರ್‌ಪ್ರಿಟರ್ ನಿಂತಿದ್ದರೆ ಒಂದು ಫೋನ್ ಅವರಿಗೇ ಮೀಸಲಿಡಿ. ಭಾಷಣದವರ ಮುಖ ಹೇಗೂ ಪತ್ರಿಕೆಯಲ್ಲಿ ಬರುತ್ತದೆ.

ದಾನ ಕೇಳುವಾಗ ಮಾತ್ರ ಎರಡು ಎಚ್ಚರ. ದಾನಿಗಳಿಗೆ ತೆರಿಗೆ ವಿನಾಯಿತಿ ಕೊಡಿಸುವ 80ಜಿ ನೋಂದಣಿ ಇದ್ದರೆ ಪೋಸ್ಟಿನಲ್ಲೇ ಹೇಳಿ, 2 ಸಾವಿರ ರೂಪಾಯಿಗಿಂತ ಹೆಚ್ಚಿನ ನಗದಿಗೆ ಆ ವಿನಾಯಿತಿ ಸಿಗುವುದಿಲ್ಲ ಅಂತಲೂ ಹೇಳಿ. ಎರಡನೆಯದು ಇದಕ್ಕಿಂತ ಮುಖ್ಯ. ಅಮೆರಿಕದಲ್ಲಿರುವ ನಮ್ಮೂರಿನವರೇ ಪ್ರೀತಿಯಿಂದ ದುಡ್ಡು ಕಳಿಸಬಹುದು. ಅವರು ಅಲ್ಲಿಯ ಪೌರತ್ವ ತೆಗೆದುಕೊಂಡಿದ್ದರೆ ಅದು ವಿದೇಶಿ ದೇಣಿಗೆ ಅಂತಲೇ ಲೆಕ್ಕ. ವಿದೇಶಿ ದೇಣಿಗೆಯ ಕಾಯ್ದೆ, ಅಂದರೆ ಎಫ್‌ಸಿಆರ್‌ಎ ಅಡಿ ನೋಂದಣಿ ಇಲ್ಲದ ಸಂಸ್ಥೆ ಅದನ್ನು ತೆಗೆದುಕೊಳ್ಳುವ ಹಾಗಿಲ್ಲ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಹೊರಗಿರುವವರದ್ದಕ್ಕೆ ಈ ಅಡ್ಡಿ ಇಲ್ಲ. ಕ್ಯೂಆರ್ ಕೋಡ್ ಹಾಕುವ ಮುಂಚೆ ನಿಮ್ಮ ಆಡಿಟರನ್ನು ಒಂದು ಮಾತು ಕೇಳಿ.

ಅಧಿಕಾರಿಗಳಿಗೆ ಬರೆಯುವಾಗ ಕನಿಕರ ಕೇಳಬೇಡಿ, ಕಾಯ್ದೆ ಹೇಳಿ. ಸನ್ನೆ ಭಾಷೆ ಬಲ್ಲ ಶಿಕ್ಷಕರನ್ನು ತಯಾರು ಮಾಡಿ ನೇಮಿಸಬೇಕು ಅಂತ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೇ ಇದೆ. ಇಂಥ ಮನವಿಗೆ ಎಕ್ಸ್ (ಹಿಂದಿನ ಟ್ವಿಟರ್) ಕೂಡ ಆಗಬಹುದು, ಟ್ಯಾಗ್ ಮಾಡಿದರೆ ಕಚೇರಿಯವರು ನೋಡುತ್ತಾರೆ. ಅಷ್ಟಕ್ಕೆ ಮಾತ್ರ. ದಿನಾ ನಡೆಸಲು ಹೋಗಬೇಡಿ. ಟೆಲಿಗ್ರಾಂನಲ್ಲಿ ದೊಡ್ಡ ಫೈಲ್ ಹಿಡಿಸುತ್ತದೆ, ತಂಡದವರ ನಡುವೆ ಕಚ್ಚಾ ವೀಡಿಯೊ ಹಂಚಿಕೊಳ್ಳಲು ಸರಿ.

ಆ್ಯಪುಗಳ ಪಟ್ಟಿಯಲ್ಲಿ ಬಾರದ ಒಂದು ದಾರಿಯೂ ಇದೆ. ಆಶಾ ಕಾರ್ಯಕರ್ತೆಯರು. ಯಾವ ಮನೆಯಲ್ಲಿ ಯಾವ ಮಗು ಅಂತ ಅವರಿಗೆ ಗೊತ್ತು. ಒಬ್ಬ ಆಶಾ ಅಕ್ಕ ತಮ್ಮ ವಾಟ್ಸಾಪಿನಿಂದ ಫಾರ್ವರ್ಡ್ ಮಾಡಿದ 40 ಸೆಕೆಂಡ್, ನಮ್ಮ ಒಂದು ತಿಂಗಳ ರೀಲುಗಳಿಗಿಂತ ಹೆಚ್ಚು ಕೆಲಸ ಮಾಡಿದೆ. ದುಡ್ಡು ಕೊಟ್ಟು ಪೋಸ್ಟ್ ಬೂಸ್ಟ್ ಮಾಡುವ ಯೋಚನೆ ಇದ್ದರೆ, ಆ ದುಡ್ಡಿನಲ್ಲಿ ತಿಂಗಳ ಮೀಟಿಂಗಿಗೆ ಹೋಗಿ ಅವರ ಜೊತೆ ಚಹಾ ಕುಡಿದು ಬನ್ನಿ.

ಮಕ್ಕಳ ವೀಡಿಯೊ

ಇದನ್ನು ಬರೆಯಲೇಬೇಕು. ನಮ್ಮ ಶಿಬಿರಕ್ಕೆ ತೀರ್ಥಹಳ್ಳಿ ಕಡೆಯಿಂದ ಒಬ್ಬ ತಾಯಿ ಏಳು ವರ್ಷದ ಮಗಳನ್ನು ಕರೆದುಕೊಂಡು ಬಂದಿದ್ದರು. ಮಗುವಿಗೆ ಸನ್ನೆ ಭಾಷೆ ಗೊತ್ತಿರಲಿಲ್ಲ. ಆದರೆ ಮನೆಯಲ್ಲಿ ತಾನೇ ಹುಟ್ಟಿಸಿಕೊಂಡ ಸನ್ನೆಗಳು ಇದ್ದವು. ನಿಮ್ಮ ಮನೆಯಲ್ಲಿ ಈಗ ಏನು ಕೆಲಸ ಅಂತ ಮೇಷ್ಟ್ರು ಕೇಳಿದಾಗ ಆಕೆ ಕಾಲು ಮಡಿಸಿ ಕೂತಳು. ಅಡಿಕೆ ಸುಲಿಯುವ ಮೆಟ್ಟುಗತ್ತಿ ಎದುರಿಗಿರುವ ಹಾಗೆ ಎರಡೂ ಕೈಯಲ್ಲಿ ಒಂದು ಅಡಿಕೆ ಹಿಡಿದು ಒತ್ತಿದಳು, ಸಿಪ್ಪೆ ಆ ಕಡೆ, ಅಡಿಕೆ ಬುಟ್ಟಿಗೆ. ಕೊನೆಗೆ ಸೊಂಟ ಹಿಡಿದು ಅಜ್ಜಿಯ ಹಾಗೆ ನಿಟ್ಟುಸಿರು. ಮೇಷ್ಟ್ರು ಕುರ್ಚಿಯಿಂದ ಇಳಿದು ನೆಲದ ಮೇಲೆ ಅವಳ ಎದುರು ಕೂತರು. ಇಬ್ಬರೂ ಸೇರಿ ಸುಲಿದರು. ನಾನು ಅದನ್ನು ಫೋನಿನಲ್ಲಿ ತೆಗೆದು, ತಾಯಿಯನ್ನು ಕೇಳಿ, ಗ್ರೂಪಿಗೆ ಹಾಕಿದೆ.

ವಾರದೊಳಗೆ ಅದು ಯಾವುದೋ ಪೇಜಿನಲ್ಲಿ ಇತ್ತು. ಮೇಷ್ಟ್ರನ್ನು ಕತ್ತರಿಸಿ ತೆಗೆದಿದ್ದರು. ಹಿಂದೆ ಅಳುವ ಸಂಗೀತ. 'ಮಾತು ಬಾರದ ಕಂದನ ನೋವು' ಅಂತ ತಲೆಬರಹ. ಆ ಮಗು ಅಲ್ಲಿ ಮಾತಾಡುತ್ತಿತ್ತು, ನಗಿಸುತ್ತಿತ್ತು. ತಾಯಿ ಫೋನ್ ಮಾಡಿ, 'ನನ್ನ ಮಗಳಿಗೆ ಏನು ನೋವು ಅಂತೆ ಅಣ್ಣಾ?' ಅಂತ ಕೇಳಿದರು. ನನಗೆ ಉತ್ತರ ಬರಲಿಲ್ಲ. ಆ ಪೇಜಿಗೆ ಬರೆದೆವು, ದೂರು ಒತ್ತಿದೆವು, ಕೊನೆಗೆ ಇಳಿಸಿದರು. ಅಷ್ಟರಲ್ಲಿ ಎಷ್ಟು ಫೋನಿಗೆ ಹೋಗಿತ್ತೋ.

ಅವತ್ತಿನಿಂದ ನಮ್ಮಲ್ಲಿ ಮಕ್ಕಳ ವೀಡಿಯೊ ಯಾವ ಆ್ಯಪಿಗೂ ಇಲ್ಲ. ಬೇರೆ ಕೆಲಸದಲ್ಲಾದರೆ ಮುಖ ಮಸುಕು ಮಾಡಿ ಹಾಕಬಹುದು. ಸನ್ನೆಯಲ್ಲಿ ಮುಖ ಮುಚ್ಚಿದರೆ ಮಾತೇ ಮುಚ್ಚಿದ ಹಾಗೆ, ಹಾಗಾಗಿ ನಡುವಿನ ದಾರಿ ಇಲ್ಲ. 2023ರ ಡೇಟಾ ರಕ್ಷಣೆ ಕಾಯ್ದೆಯೂ 18 ವರ್ಷದೊಳಗಿನವರ ವಿಷಯದಲ್ಲಿ ಪೋಷಕರ ಒಪ್ಪಿಗೆ ಬೇಕು ಅನ್ನುತ್ತದೆ. ಆದರೆ ಒಪ್ಪಿಗೆ ಇದ್ದರೂ ಬೇಡ ಅನ್ನುವುದು ನನ್ನ ಮಾತು. ತಾಯಿ ಒಪ್ಪಿದ್ದು ನಮಗೆ, ಆ ಪೇಜಿಗಲ್ಲ. ದೊಡ್ಡವರು ತಮ್ಮ ಕಥೆ ತಾವೇ ಹೇಳಲಿ. ಟೈಲರಿಂಗ್ ಮಾಡುವ ಅಕ್ಕ ಇದ್ದಾರೆ, ಗ್ಯಾರೇಜಿನ ಅಣ್ಣ ಇದ್ದಾರೆ.

ನಡೆಸುವುದು ಯಾರು?

ಸಂಸ್ಥೆಯ ಹೆಸರಲ್ಲೇ ಒಂದು ಸಿಮ್ ತೆಗೆದುಕೊಳ್ಳಿ. ಯಾರದ್ದೋ ಸ್ವಂತ ನಂಬರಿನಲ್ಲಿ ಪೇಜ್ ಶುರು ಮಾಡಿದರೆ, ಅವರು ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದ ದಿನ ಪೇಜೂ ಹೋಗುತ್ತದೆ. ಎಲ್ಲದಕ್ಕೂ ಇಬ್ಬರು ಅಡ್ಮಿನ್ ಇರಲಿ, ಒಬ್ಬರು ಕಿವುಡರು, ಒಬ್ಬರು ಕೇಳುವವರು. ವಾಟ್ಸಾಪ್ ಬ್ಯುಸಿನೆಸ್ ಉಚಿತ, ಅದನ್ನೇ ಹಾಕಿಕೊಳ್ಳಿ. ಕಿವುಡರು ವೀಡಿಯೊ ಕಾಲ್ ಮಾಡುತ್ತಾರೆ, ಎತ್ತಿದವರಿಗೆ ಸನ್ನೆ ಬರಬೇಕು. ನಾವು ಸಂಜೆ 5ರಿಂದ 6 ಅಂತ ಇಟ್ಟಿದ್ದೇವೆ, ಆ ಹೊತ್ತಿನಲ್ಲಿ ಫೋನ್ ಮೇಷ್ಟ್ರ ಕೈಯಲ್ಲಿ.

ಶುರು ಮಾಡಲು ದಿನ ಹುಡುಕುತ್ತಿದ್ದರೆ ಸೆಪ್ಟೆಂಬರ್ 23 ಇದೆ. 1951ರಲ್ಲಿ ಅದೇ ದಿನ ಕಿವುಡರ ವಿಶ್ವ ಒಕ್ಕೂಟ ಹುಟ್ಟಿತು. ವಿಶ್ವಸಂಸ್ಥೆ ಆ ದಿನವನ್ನು ಸನ್ನೆ ಭಾಷೆಗಳ ದಿನ ಮಾಡಿತು, 2018ರಿಂದ ಆಚರಣೆ ನಡೆಯುತ್ತಿದೆ. ಆಗ ನಮ್ಮಲ್ಲಿ ಮಳೆ ಸ್ವಲ್ಪ ಹಿಡಿತಕ್ಕೆ ಬಂದಿರುತ್ತದೆ, ಅಡಿಕೆ ಕೊಯ್ಲು ಜೋರಾಗಿರುವುದಿಲ್ಲ, ಜನರಿಗೆ ಫೋನ್ ನೋಡಲು ಪುರುಸೊತ್ತು ಇರುತ್ತದೆ. ಒಂದು ತಿಂಗಳು ಮುಂಚೆ ಎಂಟು ವೀಡಿಯೊ ತೆಗೆದಿಟ್ಟುಕೊಳ್ಳಿ.

ತೀರ್ಥಹಳ್ಳಿ ಕಡೆಯ ಆ ತಾಯಿ ಗ್ರೂಪು ಬಿಡಲಿಲ್ಲ. ಈಗ ಅವರೇ ವೀಡಿಯೊ ಕಳಿಸುತ್ತಾರೆ, ಗ್ರೂಪಿಗಲ್ಲ, ನಮಗೆ ಮಾತ್ರ. ಫೋನನ್ನು ಅಕ್ಕಿ ಡಬ್ಬಕ್ಕೆ ಒರಗಿಸಿ ಇಟ್ಟಿರುತ್ತಾರೆ, ಅರ್ಧ ಕತ್ತಲೆ. ಮೊನ್ನೆಯದರಲ್ಲಿ ಮಗಳು ಒಳಗೆ ಓಡಿ ಬಂದು ಅಜ್ಜಿಯ ಭುಜ ತಟ್ಟಿ ಸನ್ನೆ ಮಾಡಿದಳು: ಮಳೆ ಬಂತು, ಅಂಗಳದಲ್ಲಿ ಅಡಿಕೆ. ಈ ಸಲ ಶಿಬಿರದಲ್ಲಿ ಕಲಿತ ಸನ್ನೆಗಳು. ಅಜ್ಜಿ ಬಾಗಿಲ ಕಡೆ ನೋಡಲೂ ಇಲ್ಲ, ಸೆರಗು ಕಟ್ಟಿಕೊಂಡು ಎದ್ದೇ ಹೊರಟರು. 22 ಸೆಕೆಂಡ್. ಕೊನೆಯಲ್ಲಿ ಖಾಲಿ ಮಣೆ ಮಾತ್ರ ಕಾಣಿಸುತ್ತದೆ. ಮೇಷ್ಟ್ರು ಅದಕ್ಕೆ ಉತ್ತರವಾಗಿ ತಮ್ಮದೊಂದು ವೀಡಿಯೊ ಕಳಿಸಿದರು, ಎರಡೂ ಕೈ ಮೇಲೆತ್ತಿ ಅಲುಗಾಡಿಸುತ್ತಾ, ಕಿವುಡರು ಚಪ್ಪಾಳೆ ತಟ್ಟುವ ಹಾಗೆ.